ಗೇಟಿನೊಳಗಿನ ಊಟ

ಸೈಗಾನಿನಿಂದ ಕ್ವಾಂಗ್ ಙಾಯಿಗೆ ಹೊರಟ ಬಸ್ಸಿನಲ್ಲಿ ಡ್ರೈವರ್ ಥಾಚ್‌ಗೆ ಅಂದು ಬೆಳಗಿನಿಂದಲೂ ಬೆನ್ನು ಚುಚ್ಚುತ್ತಿತ್ತು. ಅವನ ಹಿಂದಿನ ಸೀಟಿನಲ್ಲೇ ಮಾವ ತ್ವಾನ್ ಕೂತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಮರಳುತ್ತಿದ್ದ ಮುದುಕರಿಗೆ ಕಣ್ಣಿನ ಚಿಂತೆಗಿಂತ ನಾಲಗೆಯ ಚಿಂತೆಯೇ ಹೆಚ್ಚಾಗಿತ್ತು. ಆಸ್ಪತ್ರೆಯ ಗಂಜಿ ಕುಡಿದು ಕುಡಿದು ಬಾಯಿ ಸತ್ತುಹೋಗಿದೆ ಎಂದು ಹತ್ತಿದಾಗಿನಿಂದ ಹೇಳುತ್ತಲೇ ಇದ್ದರು.

"ಫಾನ್ ರಾಂಗ್ ಬರ್ಲಿ, ಆಮೇಲೆ ನೋಡಿ," ಎಂದು ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡಿದ್ದರು. "ಊರು ಇನ್ನೇನು ಬಂತು ಅನ್ನೋವಾಗ ಹುಣಸೆಮರದ ಕೆಳಗೆ ಗಾಮ್ ಅಂತ ಒಬ್ಬಳ ಅಂಗಡಿ. ಬಾನ್ ಕಾನ್ ಬಿಟ್ಟು ಬೇರೇನೂ ಮಾಡಲ್ಲ ಅವಳು. ಮೀನಿನ ತಲೆ, ಮುಳ್ಳು ಎಲ್ಲ ಕುದಿಸಿ ಇಳಿಸಿದ ಸಾರು. ಅದರೊಳಗೆ ದಪ್ಪ ಅಕ್ಕಿ ಶಾವಿಗೆ, ಮೇಲೆ ಆಗ ಕರಿದ ಮೀನಿನ ವಡೆ. ಒಂದು ಬಟ್ಟಲು ಒಳಗೆ ಹೋದ್ರೆ ನೆತ್ತಿ ಬೆವರಬೇಕು!"

ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಕೇಳಿದಳು, "ಬಸ್ಸು ಅಲ್ಲಿ ನಿಲ್ಲುತ್ತಾ ತಾತ?"

"ಯಾಕಮ್ಮ ನಿಲ್ಲಲ್ಲ? ಓಡಿಸ್ತಿರೋನು ನನ್ನ ಅಳಿಯ ಕಣೇ!"

ಕನ್ನಡಿಯಲ್ಲಿ ಥಾಚ್ ಮಾವನ ಮುಖ ನೋಡಿದ. ಆ ಮುಖದಲ್ಲಿದ್ದ ಹೆಮ್ಮೆ ಕಂಡು ಕಣ್ಣನ್ನು ಮತ್ತೆ ರಸ್ತೆಗೆ ತಿರುಗಿಸಿದ. ಎಲ್ಲಿ ನಿಲ್ಲಬೇಕೆನ್ನುವುದು ಅವನ ಕೈಯಲ್ಲಿರಲಿಲ್ಲ. ಆ ದಾರಿಯಲ್ಲಿ ಊಟದ ಹೊತ್ತಿಗೆ ಹಾದುಹೋಗುವ ದೂರದ ಬಸ್ಸುಗಳೆಲ್ಲ ಬಿಕ್ ಅಕ್ಕನ ಹೋಟೆಲಿನ ಕಾಂಪೌಂಡಿಗೇ ನುಗ್ಗಬೇಕು. ನುಗ್ಗದೆ ಹೋದ ಬಸ್ಸಿನ ಗಾಜು ಮುಂದಿನ ತಿರುವಿನಲ್ಲೇ ಪುಡಿಯಾಗುತ್ತಿತ್ತು. ಒಳಗೆ ಹೋದಮೇಲೆ ಗೇಟು ಹಾಕುತ್ತಾರೆ. ಉಂಡವರೂ ಉಣ್ಣದವರೂ ಬಿಕ್ ಅಕ್ಕ ಹೂಂ ಅನ್ನುವವರೆಗೆ ಅಲ್ಲೇ ಬಿದ್ದಿರಬೇಕು. ಜನ ಅದನ್ನು ಜೈಲೂಟ ಎಂದು ಕರೆಯುತ್ತಿದ್ದರು. ಬಸ್ಸಿನ ಯಜಮಾನನೂ "ಅವಳ ಜೊತೆ ಜಗಳ ಬೇಡಪ್ಪ, ಗಾಜು ನಂದು" ಎಂದು ಕೈತೊಳೆದುಕೊಂಡಿದ್ದ. ಡ್ರೈವರುಗಳಿಗೆ ಮಾತ್ರ ಅಲ್ಲಿ ಬೇರೆ ಕೋಣೆ, ಬೇರೆ ಅಡುಗೆ, ಪುಕ್ಕಟೆ ಸಿಗರೇಟು. ಆ ಕೋಣೆಗೆ ಥಾಚ್ ಎಂದೋ ಒಗ್ಗಿಹೋಗಿದ್ದ. ಮಾವನಿಗೆ ಇದನ್ನು ಮೊದಲೇ ಹೇಳಬೇಕಿತ್ತು. ಹೇಳಲು ಬಾಯಿ ಬಂದಿರಲಿಲ್ಲ.

ಹುಣಸೆಮರ ಬಂತು. ಮರದ ಕೆಳಗೆ ಹಂಡೆಯಿಂದ ಹಬೆ ಏಳುತ್ತಿತ್ತು.

"ಅಗೋ, ಅಗೋ! ಥಾಚ್, ನಿಲ್ಸಪ್ಪ!"

ಥಾಚ್ ನಿಲ್ಲಿಸಲಿಲ್ಲ. ಹಬೆ, ಮರ, ಅಂಗಡಿ ಎಲ್ಲ ಹಿಂದೆ ಸರಿದವು.

"ಕಣ್ಣು ನಂಗೆ ಮಾಡಿಸಿದ್ದೋ ನಿಂಗೋ?" ಎಂದು ಮಾವ ರೇಗಿದರು. ಯಾರೋ ಕಿಸಕ್ಕೆಂದರು. ಕಂಡಕ್ಟರ್ ತ್ರುಕ್ ಕಿಟಕಿಯಾಚೆ ನೋಡುತ್ತ ನಿಂತ.

ಕಾಂಪೌಂಡಿನೊಳಗೆ ಬಸ್ಸು ನಿಂತ ಕೂಡಲೇ ಹಿಂದೆ ಕಬ್ಬಿಣದ ಗೇಟು ಕಿರ್ರೆಂದು ಮುಚ್ಚಿತು. ದೊಣ್ಣೆ ಹಿಡಿದವರು ಬಸ್ಸಿನ ಮೈ ಬಡಿದರು. "ಎಲ್ಲ ಇಳೀರಿ! ಬಸ್ಸಲ್ಲಿ ಒಬ್ರೂ ಕೂರೋ ಹಾಗಿಲ್ಲ!" ತಗಡಿನ ಶೆಡ್ಡಿನ ಕೆಳಗೆ ಜನರನ್ನು ದನ ಹೊಡೆದ ಹಾಗೆ ತಳ್ಳಿದರು.

ಥಾಚ್ ಡ್ರೈವರುಗಳ ಕೋಣೆಗೆ ಹೋದ. ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಇಡೀ ಮೀನು, ಹುರಿದ ಕೋಳಿ ಮೇಜಿನ ಮೇಲೆ ಕಾಯುತ್ತಿದ್ದವು. ಜಾಲರಿಯ ಕಿಟಕಿಯಿಂದ ಶೆಡ್ಡು ಕಾಣುತ್ತಿತ್ತು. ಮಾವನ ಮುಂದೆ ಒಂದು ತಟ್ಟೆ ಕುಕ್ಕಿದ್ದರು: ಗಂಟುಗಂಟಾದ ಅನ್ನ, ಚಪ್ಪಲಿಯಂತೆ ಒಣಗಿದ ಹಂದಿಮಾಂಸದ ಚೂರು, ಸೊಪ್ಪಿನ ಒಂದೆಲೆ ತೇಲುವ ನೀರು. ಮಗುವಿನ ತಾಯಿ ತನ್ನ ತಟ್ಟೆಯಿಂದ ತಲೆಯೆತ್ತಿ, "ಅಳಿಯಂದಿರ ಬಸ್ಸು ಅಂದ್ರಲ್ಲ ತಾತ, ಭಾರಿ ಮರ್ಯಾದೆ ನಿಮಗೆ!" ಎಂದಳು.

ಇಷ್ಟು ಹೊತ್ತೂ ಬಾಯಿ ಮುಚ್ಚದಿದ್ದ ಮುದುಕರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು.

ಥಾಚ್‌ನ ಕೈಯಲ್ಲಿದ್ದ ತುತ್ತು ಕೆಳಗಿಳಿಯಿತು. ಮೀನಿನ ತಟ್ಟೆ ಎತ್ತಿಕೊಂಡು ಶೆಡ್ಡಿಗೆ ಬಂದು ಮಾವನ ಮುಂದೆ ಇಟ್ಟ.

"ಇದೇನು?"

"ನಿಮಗೇ ಮಾವ, ತಿನ್ನಿ."

"ಇವರಿಗೆಲ್ಲ ಇದೆಯಾ?"

ಥಾಚ್ ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದ. ಮುದುಕರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಇಲ್ಲಿ ಕೂತು ಇದನ್ನ ನುಂಗಿದ್ರೆ ನಂಗೆ ಇಳಿಯುತ್ತೇನಪ್ಪಾ? ನೀನು ಹೋಗಿ ತಿನ್ನು. ನಿಂಗೆ ಅಭ್ಯಾಸ ಇದೆಯಲ್ಲ."

ಅಷ್ಟರಲ್ಲಿ ಬಿಕ್ ಅಕ್ಕ ಬಂದಳು. ಹೂವಿನ ಪೈಜಾಮ ಹಾಕಿ, ಕೈಯಲ್ಲಿ ಬೀಸಣಿಗೆ ಹಿಡಿದ ದುಂಡು ಮುಖದ ಹೆಂಗಸು. "ಏನ್ ತಮ್ಮ, ಡ್ರೈವರ್ ಊಟ ಹೊರಗೆ ತರ್ತಾರಾ? ನಾಳೆ ಎಲ್ಲರೂ ಮೀನೇ ಕೇಳ್ತಾರೆ."

"ಗೇಟು ತೆಗೆಸಿ ಅಕ್ಕ. ನಾವು ಹೊರಡ್ತೀವಿ."

ಅಂದಮೇಲೆ ತಾನು ಅಂದದ್ದೇನೆಂದು ಅವನಿಗೆ ಹೊಳೆಯಿತು. ಆದರೆ ಕಾಲು ಆಗಲೇ ಬಸ್ಸಿನ ಕಡೆ ನಡೆದಿತ್ತು. ಹತ್ತಿ ಕೂತು ಎಂಜಿನ್ ಶುರುಮಾಡಿ, ಹಾರ್ನಿನ ಮೇಲೆ ಅಂಗೈ ಒತ್ತಿ ಹಿಡಿದ. ಅವನ ಪ್ರಯಾಣಿಕರು ತಟ್ಟೆ ಬಿಟ್ಟು ಓಡಿಬಂದರು. ತ್ರುಕ್ ಮಾವನನ್ನು ಕೈಹಿಡಿದು ಹತ್ತಿಸಿದ. ಬೇರೆ ಬಸ್ಸುಗಳ ಡ್ರೈವರುಗಳು ಜಾಲರಿಯ ಹಿಂದಿನಿಂದ ಇಣುಕಿದರು. ಒಬ್ಬನೂ ಹೊರಗೆ ಬರಲಿಲ್ಲ. ದೊಣ್ಣೆಯವರು ಗೇಟಿಗೆ ಅಡ್ಡ ನಿಂತರು. ಥಾಚ್ ಬಸ್ಸನ್ನು ಅವರ ಎದೆಯ ಹತ್ತಿರಕ್ಕೇ ತಂದು ನಿಲ್ಲಿಸಿದ.

ಬಿಕ್ ಅಕ್ಕ ಸಿಟ್ಟಾಗಲಿಲ್ಲ. "ತೆಗೀರೋ," ಎಂದಳು. ಗೇಟು ತೆರೆಯುವಾಗ ಕಿಟಕಿಯ ಬಳಿ ಬಂದು ಮೆಲ್ಲಗೆ ಹೇಳಿದಳು, "ಹೋಗು ತಮ್ಮ. ದಾರಿ ಇದೊಂದೇ. ನಾಳೆ ವಾಪಸ್ ಬರ್ತೀಯಲ್ಲ."

ಥಾಚ್ ಬಸ್ಸನ್ನು ಹಿಂದಕ್ಕೆ ತಿರುಗಿಸಿ ಹುಣಸೆಮರದ ಕಡೆಗೆ ಬಿಟ್ಟ. ಬಸ್ಸಿನಲ್ಲಿ ಕೂಗು, ಚಪ್ಪಾಳೆ. "ನಿಮ್ಮ ಅಳಿಯ ಗಂಡಸು ಕಣ್ರೀ ತಾತ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಬಸ್ಸು ನಿಲ್ಲುವುದನ್ನು ಕಂಡ ಗಾಮ್ ಸೌಟು ಬಿಟ್ಟು ರಸ್ತೆಗೇ ಓಡಿಬಂದಳು. "ಬೇಡ, ಬೇಡ! ನಿಲ್ಲಿಸಬೇಡಿ! ದಮ್ಮಯ್ಯ, ಮುಂದೆ ಹೋಗಿ!"

"ಊಟಕ್ಕೆ ಬಂದಿದ್ದೀವಮ್ಮ," ಎಂದರು ತ್ವಾನ್ ಕಿಟಕಿಯಿಂದ.

"ಗೊತ್ತು ಅಜ್ಜ. ಹೋದ ವರ್ಷ ಹೀಗೇ ಒಂದು ಬಸ್ಸು ನಿಂತಿತ್ತು. ಸಂಜೆ ಆ ಬಿಕ್ ಕಡೆಯೋರು ಬಂದು ಹಂಡೆ ರಸ್ತೆಗೆ ಬಗ್ಗಿಸಿದ್ರು. ನನ್ನ ಮಗಳ ಕಾಲೆಲ್ಲ ಸುಟ್ಟೋಯ್ತು." ಅವಳು ರಸ್ತೆಯ ಎರಡೂ ತುದಿ ನೋಡಿದಳು. "ಉಪ್ಪಿನ ಗದ್ದೆ ಹತ್ರ ಹೋಗಿ ನಿಂತ್ಕೊಳ್ಳಿ. ಒಬ್ರೋ ಇಬ್ರೋ ನಡ್ಕೊಂಡು ಬನ್ನಿ. ಕಟ್ಟಿಕೊಡ್ತೀನಿ."

ಹಾಗೆಯೇ ಆಯಿತು. ತ್ರುಕ್ ಹೋಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದ ಸಾರು, ಶಾವಿಗೆ, ಮೀನಿನ ವಡೆಗಳನ್ನು ಹೊತ್ತು ತಂದ. ಬಟ್ಟಲಿಲ್ಲ, ಚಮಚವಿಲ್ಲ. ಸುಡುಬಿಸಿಲಲ್ಲಿ ಉಪ್ಪಿನ ಗುಡ್ಡೆಗಳ ಪಕ್ಕ ನಿಂತ ಬಸ್ಸಿನೊಳಗೆ, ಎಲ್ಲರೂ ಚೀಲದ ಮೂಲೆ ಹಲ್ಲಿನಲ್ಲಿ ಕಚ್ಚಿ ಹೀರಿದರು. ತ್ವಾನ್‌ರ ಗಲ್ಲದಿಂದ ಸಾರು ಇಳಿಯಿತು, ನೆತ್ತಿ ಬೆವರಿತು. ಮಗುವಿನ ತಾಯಿ ಅವರ ಅಂಗಿ ಒರೆಸಿದಳು.

"ಉಪ್ಪು ಒಂದು ಕಲ್ಲು ಕಮ್ಮಿಯಾಯ್ತು," ಎಂದರು ಮುದುಕರು, ಕಣ್ಣು ಮುಚ್ಚಿಕೊಂಡು. "ಹೆದರಿಕೊಂಡು ಮಾಡಿದ್ರೆ ಹಂಗೇ." ಆಮೇಲೆ ಮುಂದಕ್ಕೆ ಬಾಗಿ, ಅಳಿಯನಿಗೆ ಮಾತ್ರ ಕೇಳುವಂತೆ, "ನೀನು ತಿನ್ನೋ," ಎಂದರು.

"ಆಮೇಲೆ, ಮಾವ." ಚೀಲ ಥಾಚ್‌ನ ತೊಡೆಯ ಮೇಲೆ ಆರುತ್ತಿತ್ತು. ಅವನು ಕನ್ನಡಿಯಲ್ಲಿ ಖಾಲಿ ರಸ್ತೆಯನ್ನೇ ನೋಡುತ್ತಿದ್ದ. ಊರಿಗೆ ಹೋಗಬೇಕಾದರೆ ಆ ಗೇಟಿನ ಮುಂದೆಯೇ ಹಾಯಬೇಕು. ಕೊನೆಗೆ ಬಸ್ಸು ಹೊರಟು ಅಲ್ಲಿ ಹಾದಾಗ ದೊಣ್ಣೆಯವರು ಕಲ್ಲು ಎತ್ತಲಿಲ್ಲ. ಕೈ ಬೀಸಿದರು, ನೆಂಟರನ್ನು ಬೀಳ್ಕೊಡುವ ಹಾಗೆ.

ಮಾರನೆಯ ದಿನ ಸೈಗಾನಿಗೆ ವಾಪಸ್ಸು ಹೊರಟಾಗ ಬಸ್ಸಿನ ತುಂಬ ಹೊಸ ಜನ. ಮುಂದಿನ ಗಾಜಿನ ಹಿಂದೆಯೇ, ಎಂಜಿನ್ ಪೆಟ್ಟಿಗೆಯ ಪಕ್ಕದ ಸೀಟಿನಲ್ಲಿ, ತುಂಬು ಬಸುರಿ ಹೆಂಗಸೊಬ್ಬಳು ಕೂತಿದ್ದಳು. ಕಾಂಪೌಂಡು ಕಾಣುವಷ್ಟು ಹತ್ತಿರ ಬಂದಾಗ ರಸ್ತೆಯ ಮಧ್ಯೆ ದೊಣ್ಣೆಯವರು ನಿಂತಿದ್ದರು. ಒಬ್ಬ ಅಂಗೈಯಲ್ಲಿ ಒಂದು ಕಲ್ಲನ್ನು ಚಿಮ್ಮಿ ಚಿಮ್ಮಿ ಹಿಡಿಯುತ್ತಿದ್ದ.

"ಅಣ್ಣ?" ಎಂದ ತ್ರುಕ್.

ಥಾಚ್ ಸ್ಟೀರಿಂಗ್ ತಿರುಗಿಸಿದ. ಹಿಂದೆ ಗೇಟು ಮುಚ್ಚಿತು.

"ಬಾ ತಮ್ಮ, ನಿನ್ನೆ ತಟ್ಟೆ ಮುಂದಿಂದ ಎದ್ದು ಹೋದೆ," ಎಂದು ಬಿಕ್ ಅಕ್ಕ ನಗುತ್ತ ಡ್ರೈವರುಗಳ ಕೋಣೆಯ ಪರದೆ ಸರಿಸಿದಳು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ, ಈ ನಗೆಗಲ್ಲ. "ಹಸಿವಿಲ್ಲ ಅಕ್ಕ," ಎಂದು ಬಸ್ಸಿನ ಮೆಟ್ಟಿಲ ಮೇಲೆ ಕೂತ. ದೊಣ್ಣೆಯವನು ಬಂದು ಬಸ್ಸಿನ ಮೈ ಬಡಿದ.

ಥಾಚ್ ಎದ್ದು ಶೆಡ್ಡಿಗೆ ಹೋಗಿ ಜನರ ನಡುವೆ ಬೆಂಚಿನ ಮೇಲೆ ಕೂತ. ಅವನ ಮುಂದೆಯೂ ತಟ್ಟೆ ಕುಕ್ಕಿದರು. ಇಷ್ಟು ವರ್ಷ ಇವರನ್ನೆಲ್ಲ ಇಲ್ಲಿಗೆ ತಂದಿಳಿಸಿದವನು ಆ ಅನ್ನ ಬಾಯಿಗಿಟ್ಟದ್ದು ಅದೇ ಮೊದಲು. ಹಳಸಲು ವಾಸನೆ. ಮಾಂಸದ ಚೂರು ಹಲ್ಲಿಗೆ ಸಿಕ್ಕಿತು.

ಪಕ್ಕದಲ್ಲಿದ್ದವನಿಗೆ ಇವನು ಯಾರೆಂದು ತಿಳಿದಿರಲಿಲ್ಲ. ಬಾಯಿಂದ ಮೂಳೆ ಉಗಿದು ಹೇಳಿದ, "ಆ ಡ್ರೈವರ್ ಮನೆ ಹಾಳಾಗ. ನಮ್ಮನ್ನ ಇಲ್ಲಿ ಕೂಡಿಹಾಕಿ ಒಳಗೆ ಕೋಳಿ ಕಡೀತಿರ್ತಾನೆ, ಬೇಕಾದ್ರೆ ಹೋಗಿ ನೋಡಿ."

"ಹೌದು," ಎಂದ ಥಾಚ್, ಇನ್ನೊಂದು ತುತ್ತು ಚಮಚಕ್ಕೆ ತುಂಬಿಕೊಳ್ಳುತ್ತ.