ಆರೋಗ್ಯವಂತರ ರಕ್ತ

ಹೊಸ ಪರೀಕ್ಷೆ ಶುರುಮಾಡುವ ಮುನ್ನ ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ. ರೋಗಿಗಳ ರಕ್ತದ ಜೊತೆಗೆ ಆರೋಗ್ಯವಂತರೊಬ್ಬರ ರಕ್ತವನ್ನೂ ಇಡಬೇಕು. ಅದರಲ್ಲಿ ಏನೂ ಕಾಣಿಸಬಾರದು. ಕಂಡರೆ ಪರೀಕ್ಷೆಯಲ್ಲೇ ತಪ್ಪಿದೆ ಎಂದರ್ಥ. ನಾವೆಲ್ಲ ಕೊಟ್ಟು ಕೊಟ್ಟು ಸಾಕಾಗಿದ್ದರಿಂದ ಈ ಸಲ ನಾನು ನನ್ನ ಅಕ್ಕನನ್ನು ಹಿಡಿದು ತಂದೆ. ಅಕ್ಕ ಈಜು ಕಲಿಸುವವಳು, ಗುಂಡುಕಲ್ಲಿನ ಹಾಗಿದ್ದಾಳೆ, ಸಿಗರೇಟು ಸೇದುವವರ ಪಕ್ಕದಲ್ಲೂ ನಿಲ್ಲುವವಳಲ್ಲ. ಸ್ವಲ್ಪ ಕೆಮ್ಮಿತ್ತು. ಕೊಳದ ಕ್ಲೋರಿನ್ ಕಣೇ ಎಂದಳು, ನಾನೂ ತಲೆಯಾಡಿಸಿದೆ.

ನಾವು ಹುಡುಕುತ್ತಿದ್ದದ್ದು ಶ್ವಾಸಕೋಶದ ಕ್ಯಾನ್ಸರಿನ ಒಂದು ಗುರುತು. ಜೀವಕೋಶದ ಮೈಮೇಲೆ ರಿಸೆಪ್ಟರುಗಳಿರುತ್ತವೆ, ಮನೆಬಾಗಿಲ ಕರೆಗಂಟೆಯ ಹಾಗೆ. ಹೊರಗಿನಿಂದ ಒತ್ತಿದರೆ ಮಾತ್ರ ಒಳಗೆ ‘ಬೆಳೆ’ ಎಂಬ ಸುದ್ದಿ ಹೋಗಬೇಕು. ಜೀನ್ ಕೆಟ್ಟರೆ ಗುಂಡಿ ಒತ್ತಿದ ಹಾಗೇ ಸಿಕ್ಕಿಕೊಳ್ಳುತ್ತದೆ. ಬಾಗಿಲಲ್ಲಿ ಯಾರೂ ಇರುವುದಿಲ್ಲ, ಗಂಟೆ ಮಾತ್ರ ನಿಲ್ಲುವುದಿಲ್ಲ, ಕೋಶ ಒಂದು ಎರಡಾಗುತ್ತಲೇ ಹೋಗುತ್ತದೆ. ಆ ಕೆಟ್ಟ ಜೀನಿನ ಚೂರುಗಳು ರಕ್ತಕ್ಕೂ ಬರುತ್ತವೆ. ನಮ್ಮ ಯಂತ್ರ ಹಿಡಿಯುವುದು ಅವನ್ನೇ.

ಅಕ್ಕನ ರಕ್ತದಲ್ಲಿ ಹಿಡಿಯಿತು.

ನನಗೆ ಮೊದಲು ಬಂದದ್ದು ಕೋಪ. ರೋಗಿಯ ರಕ್ತ ಬೆರೆಸಿಬಿಟ್ಟಿದ್ದೀಯ ಎಂದು ಪಕ್ಕದ ಮೇಜಿನವಳ ಮೇಲೆ ಹರಿಹಾಯ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗಿಕೊಂಡೇ ಅವಳು ಮೇಜು ಒರೆಸಿದಳು. ಹೊಸ ದ್ರಾವಣ ತೆಗೆದೆವು. ಯಂತ್ರ ಹಠ ಮಾಡುತ್ತಿದೆ ಎಂದಷ್ಟೇ ಹೇಳಿ ಅಕ್ಕನನ್ನು ಮತ್ತೆ ಕರೆಸಿದೆ. ನನ್ನ ರಕ್ತಕ್ಕೆ ಭಾರೀ ಗಿರಾಕಿ ಎಂದು ನಗುತ್ತಲೇ ಅವಳು ತೋಳು ಚಾಚಿದಳು. ಈ ಸಲ ಪಕ್ಕದಲ್ಲಿ ನನ್ನ ರಕ್ತವನ್ನೂ ಇಟ್ಟೆ. ರೋಗಿಗಳ ಒಂದು ಹನಿಯನ್ನೂ ಆ ಕೋಣೆಯೊಳಗೆ ಬಿಡಲಿಲ್ಲ.

ತೆರೆಯ ಮೇಲೆ ನನ್ನ ಗೆರೆ ತೆಪ್ಪಗೆ ಮಲಗಿತ್ತು. ಅಕ್ಕನ ಗೆರೆ ಮೇಲೆದ್ದಿತು. ಎರಡೂ ಕೊಳವೆಗಳ ಮೇಲಿನ ಹೆಸರನ್ನು ಮತ್ತೆ ಮತ್ತೆ ಓದಿದೆ. ಪಕ್ಕದ ಮೇಜಿನವಳು ಕೋಪ ಮರೆತು ಹೆಗಲ ಮೇಲೆ ಕೈಯಿಟ್ಟಳು. ಸ್ಕ್ಯಾನ್ ಮಾಡಿಸಿ ನೋಡೋಣ, ಈ ಗುರುತಿಗೆ ಮಾತ್ರೆ ಇದೆಯಲ್ಲ ಎಂದಳು. ಅದನ್ನು ಡಾಕ್ಟರುಗಳಿಗೆ ವರದಿಯಲ್ಲಿ ಬರೆದು ಕಳಿಸುವವಳೇ ನಾನು. ಆದರೂ ಮೊದಲ ಸಲ ಕೇಳಿದವಳ ಹಾಗೆ ಅವಳ ಮುಖ ನೋಡಿದೆ.

ಸಂಜೆ ಅಕ್ಕ ನನ್ನನ್ನು ಕರೆದೊಯ್ಯಲು ಬಂದಳು. ಕೊಳದಿಂದ ನೇರ ಬಂದಿದ್ದಳು, ಕೂದಲು ಇನ್ನೂ ಒದ್ದೆಯಿತ್ತು.

“ಏನೇ, ಈ ಸಲನಾದ್ರೂ ನಿನ್ನ ಮಿಷಿನ್ ಸರಿಯಾಯ್ತಾ?”

“ಮಿಷಿನ್ ಸರಿಯಾಗೇ ಇದೆ ಅಕ್ಕ.”

ಒಳ್ಳೇದಾಯ್ತು ಬಿಡು ಎಂದು ಅವಳು ನನ್ನ ಬೆನ್ನು ತಟ್ಟತೊಡಗಿದಳು. ಆಮೇಲೆ ನನ್ನ ಮುಖ ನೋಡಿದಳು. ಬೆನ್ನ ಮೇಲಿನ ಕೈ ಅಲ್ಲೇ ನಿಂತಿತು.