ಬರೀ ಬುಟ್ಟಿ ಕೊಡಬಾರದು

ನಾನು ಒಂದು ಬಿದಿರಿನ ಬುಟ್ಟಿ. ಮುಚ್ಚಳ ಇರುವ ಜಾತಿ. ಮುಚ್ಚಳವಿಲ್ಲದ ಬುಟ್ಟಿಗಳ ಬಗ್ಗೆ ನನಗೆ ಕೆಟ್ಟ ಅಭಿಪ್ರಾಯವೇನಿಲ್ಲ. ಪಾಪ, ಅವಕ್ಕೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಅಷ್ಟೇ.

ನಾನು ಬೆಳೆದ ಬಿದಿರು ಮೆಳೆಗೆ ದಿನಾ ಒಂದು ಆನೆ ಬಂದು ಬೆನ್ನು ಉಜ್ಜಿಕೊಂಡು ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಎರಡು ಆನೆ. ಎರಡು ಎಂದರೆ ಜನ ನಂಬುವುದಿಲ್ಲ ಎಂದು ಒಂದನ್ನು ಬಿಟ್ಟಿದ್ದೇನೆ. ಆ ಬಿದಿರನ್ನು ಮೈಸೂರಿನ ಮೇದರಕೇರಿಗೆ ತಂದು, ಸೀಳಿ, ನೆನೆಹಾಕಿ, ನನ್ನನ್ನು ಹೆಣೆದವರು ಪುಟ್ಟನಂಜಮ್ಮ. ರಸ್ತೆ ಬದಿಯಲ್ಲಿ ಕಾಲು ಚಾಚಿ ಕೂತು, ದವಡೆಗೆ ಎಲೆಅಡಿಕೆ ಒತ್ತರಿಸಿಕೊಂಡು, ದಾರಿಹೋಕರ ಜೊತೆ ಒಂದು ಜಗಳ ಮುಗಿಯುವಷ್ಟರಲ್ಲಿ ಒಂದು ಬುಟ್ಟಿ ಮುಗಿಸುತ್ತಿದ್ದರು. ಯಾವುದೋ ಮದುವೆಗೆ ನಲವತ್ತು ಬುಟ್ಟಿ ಬೇಕೆಂದು ಹೇಳಿದ್ದರು. ಗಂಡಿನ ಕಡೆಯವರು ಕೊನೇ ಗಳಿಗೆಯಲ್ಲಿ ಇನ್ನೊಂದು ಕೇಳಿಯೇ ಕೇಳುತ್ತಾರೆಂದು ಪುಟ್ಟನಂಜಮ್ಮ ನಲವತ್ತೊಂದು ಹೆಣೆದರು. ಜಿಲ್ಲೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಗಂಡಿನ ಕಡೆಯವರು ಏನೂ ಕೇಳಲಿಲ್ಲ. ಉಳಿದುಹೋದ ಆ ನಲವತ್ತೊಂದನೆಯದು ನಾನು.

ನನ್ನನ್ನು ಕೊಂಡವರು ಅಂಬುಜಾಕ್ಷಿ. ಅಗ್ರಹಾರದ ಒಂದು ಓಣಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಅವರದು. ಒಂಟಿ ಜೀವ, ಕತ್ತರಿಯಂಥ ನಾಲಿಗೆ.

"ಬೆಕ್ಕು ಕೂರೋ ಬುಟ್ಟಿ ಬೇಕಿತ್ತಮ್ಮ. ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು."

"ಬೆಕ್ಕಿಗ್ಯಾಕವ್ವ ಬುಟ್ಟಿ? ಒಂದು ಚೀಲಕ್ಕಾಕಂಡು ಹೋಗು."

"ಚೀಲಕ್ಕೆ ಹಾಕಿದ್ರೆ ಬೈಯುತ್ತೆ."

"ಬೆಕ್ಕು ಬೈದದಾ?"

"ನನ್ನ ಬೆಕ್ಕು ಬೈಯುತ್ತೆ."

ಆ ಬೆಕ್ಕಿನ ಹೆಸರು ಬಟನ್. ಕರಿ ಮೈ, ಎದೆಯ ಮೇಲೆ ಷರಟಿನ ಬಟನ್ನಿನಷ್ಟೇ ಬಿಳಿ ಮಚ್ಚೆ. ಅದು ಬೈಯುತ್ತಿದ್ದುದು ನಿಜ. ಮೊದಲ ದಿನವೇ ಆಟೋದಲ್ಲಿ ಅದು ಆಡಿದ ಮಾತನ್ನು ನಾನು ಮುಚ್ಚಳ ಹಾಕಿಕೊಂಡು ಕೇಳಿದ್ದೇನೆ, ಇಲ್ಲಿ ಬರೆಯುವಂತಿಲ್ಲ.

ಪಶುವೈದ್ಯರು ಒಂದು ಹನಿ ರಕ್ತ ತೆಗೆದು ಚಿಕ್ಕ ಪಟ್ಟಿಯ ಮೇಲೆ ಬಿಟ್ಟರು. ಒಂದು ಗೆರೆ ಮೂಡಬೇಕಾದಲ್ಲಿ ಎರಡು ಮೂಡಿತು. ಬೆಕ್ಕಿನ ಲ್ಯುಕೇಮಿಯಾ ವೈರಸ್. ಅಂಬುಜಾಕ್ಷಿ ನನ್ನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು, "ಸಾಯಂಕಾಲದ ತನಕ ಇರುತ್ತಾ, ಡಾಕ್ಟ್ರೇ?"

"ಸಾಯಂಕಾಲ ಏನಮ್ಮ, ಚೆನ್ನಾಗಿ ನೋಡ್ಕೊಂಡ್ರೆ ವರ್ಷಗಟ್ಟಲೆ ಇರಬಹುದು. ಹೊರಗೆ ಬಿಡಬೇಡಿ. ಬೇರೆ ಬೆಕ್ಕುಗಳಿಗೆ ಅಂಟುತ್ತೆ, ಮನುಷ್ಯರಿಗೆ ಅಂಟಲ್ಲ. ಕೆಲವು ವಾರ ಬಿಟ್ಟು ಇನ್ನೊಂದ್ಸಲ ಪರೀಕ್ಷೆ ಮಾಡೋಣ."

ಅವತ್ತು ಅಂಬುಜಾಕ್ಷಿ ಅಂಗಡಿಯ ಬಾಗಿಲು ಎಳೆದುಕೊಂಡು, ಯಾರದೋ ಅರ್ಧ ಹೊಲಿದ ರೇಷ್ಮೆ ಬ್ಲೌಸಿಗೆ ಮುಖ ಒತ್ತಿ ಅತ್ತರು. ಅತ್ತಿಗೆಗೆ ಫೋನ್ ಮಾಡಿದರೆ, "ಬೆಕ್ಕಿಗೆ ಯಾರಾದ್ರೂ ಅಳ್ತಾರೇನೇ? ಇನ್ನೊಂದು ತಂದ್ರಾಯ್ತು" ಎಂದರು. ಎರಡನೇ ಪರೀಕ್ಷೆಯಲ್ಲೂ ಎರಡೇ ಗೆರೆ. ಆದರೆ ಬಟನ್ ಅದಾದ ಮೇಲೆ ಐದು ವರ್ಷ ಬಾಳಿತು. ಐದೂ ವರ್ಷ ಬೈಯುತ್ತಲೇ ಇತ್ತು. ಕೊನೆಯ ವಾರ ಮಾತ್ರ ಬೈಯಲಿಲ್ಲ. ನನಗೆ ಗೊತ್ತಾಯಿತು. ಅಂಬುಜಾಕ್ಷಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಬಟನ್ ಹೋದ ಹದಿನೈದನೇ ದಿನ ಅವರು ಸೀದಾ ವೈದ್ಯರ ಹತ್ತಿರ ಹೋಗಿ, "ಎರಡು ಗೆರೆ ಬಂದು ಅಳ್ತಾ ಆಚೆ ಬರೋರು ಇರ್ತಾರಲ್ಲ, ಅವರಿಗೆ ನನ್ನ ಅಂಗಡಿ ವಿಳಾಸ ಕೊಡಿ. ಅಳೋಕೆ ಒಂದು ಜಾಗ ಬೇಕು" ಎಂದರು.

ಹಾಗೆ ಶುರುವಾಯಿತು ನನ್ನ ಸಾರ್ವಜನಿಕ ಜೀವನ.

ಅಂಬುಜಾಕ್ಷಿಯವರ ಕ್ರಮವೇ ಬೇರೆ. ಬಂದವರಿಗೆ ಮೊದಲು ಸಮಾಧಾನ ಹೇಳುತ್ತಿರಲಿಲ್ಲ. "ಬೆಕ್ಕಿನ ಬಣ್ಣ ಏನು?" ಎಂದು ಕೇಳುತ್ತಿದ್ದರು. ಅವರು ಮೂಗು ಸೀಟಿಕೊಳ್ಳುತ್ತಾ ಬೂದಿ ಎಂದೋ ಬಿಳಿ ಎಂದೋ ಹೇಳಿದರೆ, ಡಬ್ಬಿ ತಡಕಿ ಆ ಬಣ್ಣದ್ದೇ ಒಂದು ಬಟನ್ ಹುಡುಕಿ ನನ್ನೊಳಗಿನ ಮೆತ್ತೆಗೆ ಹೊಲಿಯುತ್ತಿದ್ದರು. ಬಟನ್ ಹೊಲಿಯುವುದು ಬೆಕ್ಕು ಬುಟ್ಟಿ ಹತ್ತುವ ದಿನ, ತೀರಿಹೋಗುವ ದಿನ ಅಲ್ಲ, ಇದು ಅವರ ಕಾನೂನು. ಆಮೇಲೆ ನನ್ನನ್ನು ಆಸ್ಪತ್ರೆಗೆ ಓಡಾಡಲು ಎರವಲು ಕೊಡುತ್ತಿದ್ದರು. ಆಮೇಲೆ ತಾವೇ ಆ ಮನೆಗೆ ಹೋಗಿ, ಅವರು ಕೊಟ್ಟ ಕಾಫಿ ಕುಡಿದು, ಕಾಫಿ ಚೆನ್ನಾಗಿಲ್ಲವೆಂದು ಹೇಳಿ, ಜಾಲರಿ ಇಲ್ಲದ ಕಿಟಕಿ ಯಾವುದು, ತಟ್ಟೆ ಎಲ್ಲಿ, ಹಸಿ ಮೀನು ಯಾಕೆ ಹಾಕುತ್ತೀರಿ ಎಂದು ವಿಚಾರಿಸಿಕೊಂಡು ಬರುತ್ತಿದ್ದರು.

ಒಂದು ಬೆಕ್ಕು ಇಳಿದು ಇನ್ನೊಂದು ಹತ್ತುವ ಮೊದಲು ನನಗೆ ಸೋಪಿನ ಸ್ನಾನ, ಮೂರು ದಿನ ತಾರಸಿಯ ಬಿಸಿಲು. ಆ ವೈರಸ್ಸು ಮೈಯಿಂದ ಹೊರಗೆ ಬಂದರೆ ಹೆಚ್ಚು ಹೊತ್ತು ಬದುಕುವುದಿಲ್ಲವಂತೆ. ಆ ಬಿಸಿಲಿನಲ್ಲಿ ನಾನು ಬದುಕಿದ್ದೇ ದೊಡ್ಡದು.

ಇನ್ನೊಂದು ವಿಷಯ. ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಯಾರೂ ಬರಿದಾಗಿ ವಾಪಸು ಕೊಡುವುದಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಹಾಗಾಗಿ ನಾನು ಹೋಗುವಾಗ ಖಾಲಿ, ಬರುವಾಗ ಭರ್ತಿ. ರಸಬಾಳೆ ಹೊತ್ತು ಬಂದಿದ್ದೇನೆ, ಹಪ್ಪಳ ಹೊತ್ತು ಬಂದಿದ್ದೇನೆ. ಒಬ್ಬರು ಮಾತ್ರ ಹಾಗಲಕಾಯಿ ಹಾಕಿ ಕಳಿಸಿದರು. ಅವರ ಬೆಕ್ಕಿನ ಎರಡನೇ ಪರೀಕ್ಷೆಯಲ್ಲಿ ಒಂದೇ ಗೆರೆ ಬಂದಿತ್ತು, ಆ ಖುಷಿಯಲ್ಲಿ ಕೈಗೆ ಸಿಕ್ಕಿದ್ದು ಹಾಕಿದ್ದರು ಎಂದು ಅಂಬುಜಾಕ್ಷಿ ಕ್ಷಮಿಸಿದರು. ನಾನು ಕ್ಷಮಿಸಿಲ್ಲ.

ಮೆತ್ತೆಯ ಮೇಲೆ ಹತ್ತು ಬಟನ್ ಆಗಿದ್ದಾಗ ಶಿವಮಾದು ಬಂದರು.

ಮೂವತ್ತೊಂದು ವರ್ಷ ಬಸ್ ಓಡಿಸಿ ಹಿಂದಿನ ವರ್ಷವಷ್ಟೇ ನಿವೃತ್ತರಾದ ಡ್ರೈವರ್. ಎರಡು ಗೆರೆ ಬಂದಿದ್ದ ಅವರ ಬೆಕ್ಕಿನ ಹೆಸರು ಸಾಹುಕಾರ. ಮರಿಯಾಗಿದ್ದಾಗ ಬಸ್ಸಿನ ಸೀಟಿನ ಕೆಳಗೆ ಸಿಕ್ಕಿದ್ದು. ಬನ್ನೂರು ಲೈನಿನ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಿಸಿ ಬಾನೆಟ್ ಮೇಲೆ ಮಲಗಿಕೊಂಡೇ ಬೆಳೆದದ್ದು. ತೂಕ ಆರು ಕೆಜಿ ಎಂದು ಆಸ್ಪತ್ರೆಯವರು ಹೇಳುತ್ತಾರೆ. ನನ್ನ ತಳವನ್ನು ಕೇಳಿದರೆ ಹದಿನಾರು.

"ಬುಟ್ಟಿ ಬೇಕಿತ್ತು, ಅಂಬುಜಮ್ಮಾರೆ. ಆಸ್ಪತ್ರೆಗೆ."

"ಬಣ್ಣ ಏನು?"

"ಯಾವ್ದುರ ಬಣ್ಣ? ಸ್ಕೂಟರ್‌ದಾ?"

"ಬೆಕ್ಕಿಂದು, ಮಾದಣ್ಣ."

"ಓ. ಕೇಸರಿ."

ಅಂಬುಜಾಕ್ಷಿ ಕೇಸರಿ ಬಟನ್ ಹೊಲಿಯುತ್ತಾ ಹೇಳಬೇಕಾದ್ದನ್ನೆಲ್ಲ ಹೇಳಿದರು. ಮನುಷ್ಯರಿಗೆ ಬರುವುದಿಲ್ಲ ಎಂಬುದನ್ನು ಎರಡು ಸಲ ಹೇಳಿದರು. ಶಿವಮಾದು "ಹೂಂ, ಹೂಂ" ಎಂದರು. ಸ್ಟಾಪ್ ಇಲ್ಲದ ಕಡೆ ಇಳಿಸಿ ಎಂದವರಿಗೆ ಡ್ರೈವರುಗಳು ಅನ್ನುವ ಹೂಂ ಅದು.

ಯಾಕೆಂದರೆ ಆಸ್ಪತ್ರೆಯ ಮಾತು ಸುಳ್ಳು. ಅವರ ಮಗಳು ಶಶಿ ಹೆರಿಗೆಗೆಂದು ಸೋಮವಾರ ತವರಿಗೆ ಬರುವವಳಿದ್ದಳು. ಬೆಕ್ಕಿಗೆ ರಕ್ತದ ಕ್ಯಾನ್ಸರಂತೆ, ಬಾಣಂತಿಗೂ ಕೂಸಿಗೂ ಅಂಟಿಬಿಡುತ್ತದೆ ಎಂದು ಅಕ್ಕಪಕ್ಕದವರೆಲ್ಲ ಹೇಳಿದ್ದರು. ಶಿವಮಾದು ಎರಡು ದಿನ ಅನ್ನ ಬಿಟ್ಟು, ಮೂರನೇ ದಿನ ತೀರ್ಮಾನ ಮಾಡಿದ್ದರು.

ಬೆಳಿಗ್ಗೆ ಹತ್ತು ಗಂಟೆಗೆ ನನ್ನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬನ್ನೂರು ರಸ್ತೆಯಲ್ಲಿ ಒಂದು ಹಳೇ ಅಕ್ಕಿ ಗಿರಣಿಯವರೆಗೆ ಹೋದರು. ಮುಚ್ಚಳ ತೆಗೆದರು.

"ಇಳ್ಕಪ್ಪಾ. ಕೊನೇ ಸ್ಟಾಪು."

ಸಾಹುಕಾರ ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಯಾವ ಸಾಹುಕಾರ ತಾನೇ ತಾನಾಗಿ ಇಳಿದಿದ್ದಾನೆ? ಶಿವಮಾದು ನನ್ನನ್ನು ಓರೆ ಮಾಡಿದರು. ಸಾಹುಕಾರ ಜಾರಿ ಇಳಿದು, ಗಿರಣಿಯ ಗೋಡೆ ನೋಡಿ, ಮುಂಗಾಲು ನೆಕ್ಕತೊಡಗಿದ. ಶಿವಮಾದು ಸ್ಕೂಟರ್ ಹತ್ತಿ, ಹಿಂದಿನದನ್ನು ತೋರಿಸುವ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿಬಿಟ್ಟರು. ಮೂವತ್ತೊಂದು ವರ್ಷದಲ್ಲಿ ಕನ್ನಡಿ ನೋಡದೆ ಅವರು ಗಾಡಿ ಎತ್ತಿದ್ದು ಅವತ್ತೊಂದೇ ದಿನ.

ಮನೆಯಲ್ಲಿ ಅವರ ಹೆಂಡತಿ ಸಣ್ಣಮ್ಮ ಕಣ್ಣೊರೆಸಿಕೊಂಡು, "ಬರೀ ಬುಟ್ಟಿ ಕೊಟ್ಬುಟ್ಟು ಬರಬ್ಯಾಡಿ. ಏನಾರ ಹಾಕಿ" ಎಂದರು. ಶಿವಮಾದು ಬೆಲ್ಲ ಹಾಕಿದರು, ತೆಗೆದರು. ಬಾಳೆಹಣ್ಣು ಹಾಕಿದರು, ತೆಗೆದರು. ಆರು ಕೆಜಿ ಇದ್ದ ಜಾಗಕ್ಕೆ ಯಾವುದೂ ಹೊಂದಲಿಲ್ಲ. ಕೊನೆಗೆ ಎರಡು ತೆಂಗಿನಕಾಯಿ ಹಾಕಿಕೊಂಡು ಅಂಗಡಿಗೆ ಬಂದರು.

ಅಂಬುಜಾಕ್ಷಿ ಮುಚ್ಚಳ ತೆಗೆದು ಕಾಯಿ ನೋಡಿದರು. ಮೆತ್ತೆ ನೋಡಿದರು. ಶಿವಮಾದುವಿನ ಮುಖ ನೋಡಿದರು.

"ಸಾಹುಕಾರ ಹೇಗಿದ್ದಾನೆ?"

ಶಿವಮಾದು ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಹೇಳಿದರು, "ಬಿಟ್ಬುಟ್ಟು ಬಂದೆ ಕಣವ್ವ."

ಬೈಗುಳ ಬರುತ್ತದೆಂದು ನಾನು ಸಿದ್ಧವಾಗಿದ್ದೆ. ಬರಲಿಲ್ಲ. ಅಂಬುಜಾಕ್ಷಿ ಕತ್ತರಿ ತೆಗೆದು ಕೇಸರಿ ಬಟನ್ನಿನ ಪಕ್ಕ ಇಟ್ಟರು. "ಹಾಗಾದ್ರೆ ಇದನ್ನ ಬಿಚ್ಚಬೇಕು. ನಾನು ಸಾವಿರ ಬ್ಲೌಸ್ ಬಿಚ್ಚಿದ್ದೀನಿ, ಮಾದಣ್ಣ, ಇದರಲ್ಲಿ ಒಂದನ್ನೂ ಬಿಚ್ಚಿಲ್ಲ. ನೀವೇ ಬಿಚ್ಚಿ."

ದಸರಾ ಜನಜಂಗುಳಿಯಲ್ಲಿ ಒಂದೇ ಏಟಿಗೆ ಬಸ್ಸು ತಿರುಗಿಸಿದ ಕೈ ಅದು. ಕತ್ತರಿ ಎತ್ತಿತು. ದಾರದ ಹತ್ತಿರ ಹೋಯಿತು. ಅಲ್ಲೇ ನಿಂತಿತು.

"ಕೂಸಿಗೆ ಬರಾಕಿಲ್ವಾ? ನಿಜವಾಗ್ಲೂ?"

"ಬರಲ್ಲ. ಐದು ವರ್ಷ ಬಟನ್ನನ್ನ ಹೊಟ್ಟೆ ಮೇಲೆ ಮಲಗಿಸ್ಕೊಂಡಿದ್ದೆ. ನನಗೆ ಬಂದಿರೋದು ಮಂಡಿ ನೋವು ಒಂದೇ. ನನ್ನ ಮಾತು ಬೇಡ, ಶಶಿನೇ ಡಾಕ್ಟ್ರ ಹತ್ರ ಕೇಳಲಿ. ಆದ್ರೆ ಅವನನ್ನ ಬೀದಿಗೆ ಬಿಟ್ರೆ ಕಚ್ಚಾಡಿ ಇನ್ನೂ ಹತ್ತು ಬೆಕ್ಕಿಗೆ ಅಂಟಿಸ್ತಾನೆ. ಆಮೇಲೆ ನನ್ನ ಡಬ್ಬೀಲಿ ಬಟನ್ ಸಾಲಲ್ಲ."

"ನಡೀರವ್ವ ಮತ್ತೆ! ಕುಂತಿದ್ದೀರಲ್ಲ!"

ಸ್ಕೂಟರಿನ ಹಿಂದೆ ಅಂಬುಜಾಕ್ಷಿ, ಅವರ ತೊಡೆಯ ಮೇಲೆ ನಾನು, ನನ್ನೊಳಗೆ ಅವಸರದಲ್ಲಿ ತೆಗೆಯಲು ಮರೆತ ಎರಡು ತೆಂಗಿನಕಾಯಿ. ಗಿರಣಿ ಬಂತು. ಗೋಡೆ ಇತ್ತು. ಸಾಹುಕಾರ ಇರಲಿಲ್ಲ.

ಶಿವಮಾದು ಗಿರಣಿಯ ಸುತ್ತ ಮೂರು ಸುತ್ತು ಬಂದರು. ಹೊಟ್ಟಿನ ರಾಶಿ ಹತ್ತಿ ಕೂಗಿದರು, ಚರಂಡಿಗೆ ಬಗ್ಗಿ ಕೂಗಿದರು. ನಲವತ್ತು ಜನರಿದ್ದ ಬಸ್ಸನ್ನು ಬ್ರೇಕ್ ಇಲ್ಲದೆ ಇಳಿಜಾರಿನಲ್ಲಿ ನಿಲ್ಲಿಸಿದವರು, ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡರು. ಅಂಬುಜಾಕ್ಷಿ ಪಕ್ಕದಲ್ಲಿ ಕೂತರು. ಅಳೋಕೆ ಜಾಗ ಕೊಡುವುದೆಂದರೆ ಏನೆಂದು ನನಗೆ ಅವತ್ತು ಅರ್ಥವಾಯಿತು. ರಸ್ತೆ ಬದಿಯಾದರೂ ಸಾಕು, ಪಕ್ಕದಲ್ಲಿ ಒಬ್ಬರು ಕೂತಿರಬೇಕು.

ಈಗ ಹೇಳುವುದನ್ನು ಹೆಚ್ಚಿಸಿ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಎರಡು ಆನೆಯಲ್ಲಿ ಒಂದನ್ನು ಬಿಟ್ಟು ಹೇಳಿದ್ದೇನೆ, ನೆನಪಿರಲಿ.

ಬನ್ನೂರಿನಿಂದ ಬರುತ್ತಿದ್ದ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಬಂದು ನಮ್ಮ ಮುಂದೆಯೇ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಮಾದಣ್ಣಾ! ಇಲ್ಲೇನ್ ಕುಂತಿದ್ದೀಯಾ? ನಿನ್ ಸಾಹುಕಾರ್ರನ್ನ ಇಳಿಸ್ಕೋ! ಹೋಗ್ತಾ ಇಲ್ಲಿ ಬಸ್ ನಿಲ್ಸಿದ್ದೇ ತಡ ಹತ್ತವ್ನೆ. ಬನ್ನೂರ್ಗೂ ಹೋದ, ವಾಪಸ್ಸೂ ಬಂದ. ಟಿಕೀಟು ಕೇಳುದ್ರೆ ಕಂಡಕ್ಟರ್‌ನ ಗುರಾಯಿಸ್ತಾನೆ!"

ಬಾನೆಟ್ ಮೇಲೆ, ತನ್ನ ಹಳೇ ಜಾಗದಲ್ಲಿ, ನಾಲ್ಕೂ ಕಾಲು ಮಡಚಿ ಕೂತಿದ್ದ ಸಾಹುಕಾರ ಒಂದು ಕಣ್ಣು ತೆರೆದ. ಶಿವಮಾದುವನ್ನು ನೋಡಿದ. ಮತ್ತೆ ಮುಚ್ಚಿದ.

"ತಪ್ಪಾಯ್ತು ಕಣಪ್ಪ," ಎಂದರು ಶಿವಮಾದು, ಇಡೀ ಬಸ್ಸಿನ ಎದುರಿಗೆ. "ತಪ್ಪಾಯ್ತು, ಬಾ."

ಸಾಹುಕಾರನನ್ನು ಎರಡು ತೆಂಗಿನಕಾಯಿಯ ಮೇಲೆಯೇ ಕೂರಿಸಿದರು. ಆಗಲೇ ನನ್ನ ತಳದಲ್ಲಿ ಮೊದಲ ಬಿರುಕು ಬಿಟ್ಟಿದ್ದು. ನಾನು ಬಾಯಿ ಬಿಡಲಿಲ್ಲ.

ಶಶಿ ಬಂದಳು, ಹೆರಿಗೆ ವೈದ್ಯರನ್ನು ತಾನೇ ಕೇಳಿದಳು. ಅವರೂ ಅದನ್ನೇ ಹೇಳಿದರು. ಯಾವ ಬೆಕ್ಕಾದರೂ ತೊಟ್ಟಿಲೊಳಗೆ ಬಿಡಬೇಡಿ, ಕೈ ತೊಳೆದುಕೊಳ್ಳಿ, ಈ ಕಾಯಿಲೆಯಂತೂ ಕೂಸಿಗೆ ಬರುವುದಿಲ್ಲ. ಶಿವಮಾದು ಕಿಟಕಿಗಳಿಗೆಲ್ಲ ಜಾಲರಿ ಹೊಡೆದರು. ಸಾಹುಕಾರ ತೊಟ್ಟಿಲ ಕೋಣೆಯ ಹೊಸ್ತಿಲಲ್ಲಿ ಮಲಗಿ, ಬಾಣಂತಿಯನ್ನು ನೋಡಲು ಬಂದು ತಪ್ಪು ಸಲಹೆ ಕೊಡುವವರ ಕಾಲು ಪರಚುವ ಕೆಲಸ ಹಿಡಿದ.

ಅಲ್ಲಿಂದ ಮುಂದೆ ನನ್ನನ್ನು ಹೊಸ ಮನೆಗಳಿಗೆ ಹೊತ್ತುಕೊಂಡು ಹೋಗುವವರು ಇಬ್ಬರಾದರು. ಅಂಬುಜಾಕ್ಷಿ ಕಾಫಿಗೆ ಹೆಸರಿಡುತ್ತಿದ್ದರು. ಶಿವಮಾದು, "ನಾನು ಬಿಟ್ಬುಟ್ಟು ಬಂದಿದ್ದೆ ಕಣ್ರವ್ವ, ಗೊತ್ತಾ?" ಎಂದು ಶುರು ಮಾಡುತ್ತಿದ್ದರು. ಅಳುತ್ತಿದ್ದವರು ಕಥೆಯಲ್ಲಿ ಬಸ್ಸು ಬರುವಷ್ಟರಲ್ಲಿ ನಗುತ್ತಿದ್ದರು. ಅವರು ಹೇಳುವಾಗ ಬಸ್ಸು ಪ್ರತಿ ಸಲ ಇನ್ನಷ್ಟು ದೂರ ಹೋಗಿ ಬರುತ್ತದೆ. ಈಚೆಗೆ ಮಡಿಕೇರಿ ಮುಟ್ಟಿದೆ. ಉತ್ಪ್ರೇಕ್ಷೆ ನನಗೆ ಹಿಡಿಸುವುದಿಲ್ಲ, ಆದರೂ ಸುಮ್ಮನಿದ್ದೇನೆ.

ಇಪ್ಪತ್ತಮೂರನೇ ಬಟನ್ ಹೊಲಿದ ವರ್ಷ ನನ್ನ ತಳ ಪೂರ್ತಿ ಬಿಟ್ಟುಕೊಂಡಿತು. ಎಲ್ಲರೂ ಸೇರಿ ಗುಲಾಬಿ ಬಣ್ಣದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತಂದರು. ತೊಳೆಯುವುದು ಸುಲಭವಂತೆ. ಅದಕ್ಕೆ ಹೊಸ ಮೆತ್ತೆ, ಮೊದಲಿನಿಂದ ಎಣಿಕೆ. ಹಳೇ ಮೆತ್ತೆಯ ಜೊತೆ ನನ್ನನ್ನು ಅಂಬುಜಾಕ್ಷಿ ಶಿವಮಾದುವಿನ ಮನೆಗೇ ಕೊಟ್ಟುಬಿಟ್ಟರು. ಆ ಇಪ್ಪತ್ತಮೂರರಲ್ಲಿ ಎಷ್ಟೋ ಬೆಕ್ಕುಗಳು ಈಗಿಲ್ಲ. ಬಟನ್ ಒಂದೂ ಬಿಚ್ಚಿಲ್ಲ. ಸಾಹುಕಾರ ಇದ್ದಾನೆ. ಸ್ವಲ್ಪ ಇಳಿದಿದ್ದಾನೆ, ಗತ್ತು ಇಳಿದಿಲ್ಲ.

ನಾನೀಗ ಕಿಟಕಿಯ ಕೆಳಗೆ, ಬಿಸಿಲು ಬೀಳುವ ಮೂಲೆಯಲ್ಲಿದ್ದೇನೆ. ಎಲ್ಲಿಗೂ ಹೋಗುವುದಿಲ್ಲ, ಹಿಂತಿರುಗಿ ಬರುವ ಗೋಜೂ ಇಲ್ಲ. ಸಾಹುಕಾರ ಕೇಸರಿ ಬಟನ್ನಿನ ಮೇಲೆ ಗಲ್ಲ ಇಟ್ಟು ನನ್ನೊಳಗೆ ಮಲಗುತ್ತಾನೆ. ಅವನು ನೀರು ಕುಡಿಯಲು ಎದ್ದರೆ, ಶಶಿಯ ಮಗಳು ತಪ್ಪು ಹೆಜ್ಜೆ ಇಡುತ್ತಾ ಬಂದು, ಅಜ್ಜಿಯಿಂದ ಕಲಿತ ಮಾತನ್ನು ತೊದಲುತ್ತಾಳೆ: "ಬರೀ ಬುಟ್ಟಿ ಬಾರ್ದು." ಕೈಗೆ ಸಿಕ್ಕಿದ್ದನ್ನು ತಂದು ಹಾಕುತ್ತಾಳೆ. ಅವನು ವಾಪಸು ಬಂದು, ನಿಟ್ಟುಸಿರು ಬಿಟ್ಟು, ಅದರ ಮೇಲೆಯೇ ಮಲಗುತ್ತಾನೆ.

ಈ ಹೊತ್ತಿಗೆ ನನ್ನೊಳಗೆ ಇರುವುದು ಒಂದು ಸಾಹುಕಾರ, ಒಂದು ಚಮಚ, ಅಜ್ಜನ ಕನ್ನಡಕ, ಎಡಗಾಲಿನವೇ ಎರಡು ಬೂಟು. ಆನೆ ಇಲ್ಲ. ಇದ್ದಿದ್ದರೆ ಒಂದನ್ನಾದರೂ ಹೇಳುತ್ತಿದ್ದೆ.