ನಸೀಮಾಬಿ ಒಲೆಗೆ ಹಾಕಿದ ಚೀಟಿ

ಎಲ್ಲಿಂದ ಶುರು ಮಾಡಲಿ? ಭೂಮಿಯ ಮೇಲೆ ಜನ ಹೆಚ್ಚಾದರು ಎಂದು ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಒಲೆಯಿಂದಲೇ ಶುರು ಮಾಡುತ್ತೇನೆ.

೧

೧೯೯೪ರ ಆಷಾಢ. ಕಲ್ಲೋಳಿಯಲ್ಲಿ ನಸೀಮಾಬಿ ಸಗಣಿಯ ಹಸಿ ಕುಳ್ಳು ಊದುತ್ತ ಕೂತಿದ್ದಳು. ಆರು ಮಕ್ಕಳ ತಾಯಿಯಾದ ಆಕೆ...

(ಇಲ್ಲೇ ತಡೆದಳು.)

"ನನಗ ಇರೂವು ಎರಡ ಮಕ್ಕಳ್ರಿ. ಉಳದ ನಾಕ ಎಲ್ಲಿಂದ ತಂದ್ರಿ?"

ನಾಚಿಕೆಯಾಯಿತು. ಹೆಸರು ನೋಡಿಯೇ ನನ್ನ ಪೆನ್ನು ಆರು ಎಂದು ಬರೆದಿತ್ತು. (ಓದುವಾಗ ನೀವೂ ತಡೆಯಲಿಲ್ಲ, ನೆನಪಿರಲಿ.) ಹಾಳೆ ಹರಿದೆ.

೨

ಮಕ್ಕಳಿಬ್ಬರು: ತೌಫೀಕ, ಸುರಯ್ಯಾ. ಎಮ್ಮೆ ಎರಡು. ಗಂಡ ಸುಭಾನಸಾಬ ಘಟಪ್ರಭಾದಲ್ಲಿ ಹೊಲಿಗೆ ಮಷೀನಿನ ಮುಂದೆ ಕೂರುತ್ತಾನೆ. ಇಪ್ಪತ್ತು ವರ್ಷ ಹೊಗೆ ಕುಡಿದು ನಸೀಮಾಬಿಗೆ ಕೆಮ್ಮು ಹತ್ತಿದೆ. ಹೊಗೆ ನಿಲ್ಲದೆ ಯಾವ ಗುಳಿಗೆಯೂ ನಾಟುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಆಕೆಗೆ ಗೋಬರ್ ಗ್ಯಾಸ್ ಬೇಕು. ಸಗಣಿ ಮನೆಯಲ್ಲೇ ಇದೆ, ತಗ್ಗು ತಾನೇ ತೋಡಿಕೊಳ್ಳುತ್ತಾಳೆ.

ಗ್ಯಾಸ್ ಯೋಜನೆಯ ಸಾಹೇಬರು ಬಂದರು. ಮೈಕಿಗಾಗಿ ಜನರೇಟರ್ ಹಚ್ಚಿಸಿದರು, ಜೀಪನ್ನು ಚಾಲೂ ಇಟ್ಟೇ ಒಂದು ತಾಸು ಭಾಷಣ ಮಾಡಿದರು. ಜನ ಹೆಚ್ಚಾದರು, ಕಾಡು ಬೋಳಾಯಿತು, ಇಂಧನ ಮುಗಿಯಿತು, ಮುಂದಿನವರಿಗೆ ಕತ್ತಲೆಯೇ ಗತಿ ಎಂದರು. ಹೇಳುತ್ತ ಹೇಳುತ್ತ ಕೈ ನಸೀಮಾಬಿಯ ಓಣಿಯ ಕಡೆಗೇ ತೋರುತ್ತಿತ್ತು. ಕೊನೆಗೆ, ಗ್ಯಾಸ್ ಬೇಕಾದವರು ಅರ್ಜಿಗೆ, ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಂಡ ಚೀಟಿ ಹಚ್ಚಬೇಕೆಂದರು.

ಆಪರೇಶನ್ ಆಗಿತ್ತು. ಸುರಯ್ಯಾ ಹುಟ್ಟಿದ ವರ್ಷವೇ, ಕ್ಯಾಂಪಿನಲ್ಲಿ, ಕನ್ನಡ ಸಾಲಿಯ ನೆಲದ ಮೇಲೆ, ಬಾಜೂ ಮನೆಯ ಜಿನ್ನವ್ವನ ಪಕ್ಕ ಮಲಗಿಸಿ ಮಾಡಿದ್ದರು. ಚೀಟಿಯನ್ನೂ ಕೊಟ್ಟಿದ್ದರು. ಆ ತಿಂಗಳು ಮಳೆ ಬಿಡಲೇ ಇಲ್ಲ. ಕೂಸು ಅಳುತ್ತಿತ್ತು, ಹಾಲು ಕಾಸಬೇಕಿತ್ತು, ಮನೆಯಲ್ಲಿ ಒಣಗಿದ್ದುದು ಆ ಚೀಟಿಯೊಂದೇ. ಅದರಿಂದಲೇ ಒಲೆ ಹಚ್ಚಿದಳು.

ಜಿನ್ನವ್ವ ಬಂದು ಸಾಕ್ಷಿ ಹೇಳಿದಳು. ಸಾಹೇಬರು ಒಪ್ಪಲಿಲ್ಲ. ಹಳೆಯ ದಫ್ತರ ಸಿಗುತ್ತಿಲ್ಲ, ಇನ್ನೊಮ್ಮೆ ಮಾಡಿಸಿಕೊಂಡರೆ ಹೊಸ ಚೀಟಿ ಬರುತ್ತದೆ, ತಮ್ಮ ಈ ವರ್ಷದ ಆಪರೇಶನ್ ಟಾರ್ಗೆಟ್ಟಿಗೂ ಅನುಕೂಲ ಎಂದರು.

"ಹೊಟ್ಟಿ ಮ್ಯಾಲೆ ಹೊಲಿಗಿ ಐತ್ರಿ," ಎಂದಳು ನಸೀಮಾಬಿ. "ಒಂದ ಹೊಟ್ಟಿ ಎಷ್ಟ ಸಲ ಕೊಯ್ತೀರಿ?"

ಸಾಹೇಬರು ಜೀಪು ಹತ್ತಿದರು. ಅದು ಹೇಗೂ ಚಾಲೂ ಇತ್ತು.

(ಎರಡು ಮಕ್ಕಳು, ನಲವತ್ತು ಕ್ಯಾಂಡಲ್ಲಿನ ಒಂದು ಬಲ್ಬು, ಅದೂ ಕರೆಂಟು ಇದ್ದಾಗ. ಈಕೆಯಿಂದ ಭೂಮಿ ಮುಳುಗುತ್ತದಂತೆ! ನನ್ನ ಮೈಯೆಲ್ಲ ಉರಿಯುತ್ತದೆ. ಕಥೆಗಾರ ಸಮಾಧಾನದಿಂದ ಇರಬೇಕೆನ್ನುವವರು ಈ ಪುಟ ಬಿಟ್ಟು ಮುಂದೆ ಹೋಗಿ.)

೩, ೪, ಮತ್ತು ಬರೆಯಲಾಗದ ೫

ಮೂರನೆಯದರಲ್ಲಿ ಗ್ಯಾಸ್ ಮಂಜೂರಾಗುತ್ತದೆ, ನೀಲಿ ಉರಿಯ ಮೇಲೆ ಚಹಾ ಕುದಿಯುತ್ತದೆ. ಸುಳ್ಳು ಬರೆಯಬೇಡಿ ಎಂದಳು ನಸೀಮಾಬಿ.

ನಾಲ್ಕನೆಯದರಲ್ಲಿ, ಮುಂದಿನ ಸಭೆಯಲ್ಲಿ ಮೈಕು ಕಸಿದುಕೊಂಡು ಸಾಹೇಬರ ಬೆವರಿಳಿಸುತ್ತಾಳೆ. ನನಗೆ ಬಹಳ ಹಿಡಿಸಿತು. ಆದರೆ ಎರಡು ಮಾತಿಗೆ ಕೆಮ್ಮು ಬರುವವಳಿಂದ ಭಾಷಣ ಮಾಡಿಸುವುದು ಯಾರ ಖುಷಿಗೆ?

ಐದನೆಯದರಲ್ಲಿ ಆಕೆ ಮತ್ತೆ ಸಾಲಿಯ ನೆಲದ ಮೇಲೆ ಮಲಗುತ್ತಾಳೆ. ಅಲ್ಲಿಗೆ ನನ್ನ ಕೈ ನಿಂತಿತು.

೨ಕ್ಕೇ ವಾಪಸ್

ಹೊರಗೆ ಮಳೆ, ಒಲೆಯಲ್ಲಿ ಹಸಿ ಕುಳ್ಳು. ನನ್ನಿಂದ ಇಷ್ಟಾದರೂ ಆಗಲಿ ಎಂದು, ಬರೆದ ಹಾಳೆಗಳನ್ನೆಲ್ಲ ಮುಂದೆ ಹಿಡಿದು, ಇವನ್ನು ಹಾಕಿ ಹಚ್ಚು ಎಂದೆ.

ನಸೀಮಾಬಿ ಹಾಳೆಗಳನ್ನು ಸೆರಗಿನಿಂದ ಒರೆಸಿದಳು, ಹರಿದದ್ದನ್ನೂ ಜೋಡಿಸಿದಳು, ಟ್ರಂಕು ತೆರೆದಳು. ಒಳಗೆ ರೇಶನ್ ಕಾರ್ಡು, ಮಕ್ಕಳ ಸಾಲಿ ಸರ್ಟಿಫಿಕೇಟು, ಹಳೆಯ ಬಸ್ ಟಿಕೀಟು, ಯಾರದೋ ಮದುವೆ ಕಾರ್ಡು. ಎಲ್ಲದರ ಮೇಲೆ ನನ್ನ ಕಥೆ ಇಟ್ಟಳು.

"ಈ ಮನ್ಯಾಗ ಇನ್ನ ಒಂದ ಹಾಳಿನೂ ಸುಡಾಂಗಿಲ್ರಿ," ಎಂದಳು. "ನಾಳಿ ಯಾರರ ಬಂದು, ನೀ ಅದಿ ಅನ್ನಾಕ ಏನ ಸಾಕ್ಷಿ ಐತಿ ಅಂತ ಕೇಳ್ತಾರ."

ಟ್ರಂಕಿಗೆ ಕೀಲಿ ಹಾಕಿ, ಒಲೆಯ ಮುಂದೆ ಬಗ್ಗಿ ಮತ್ತೆ ಊದತೊಡಗಿದಳು. ಕಥೆ ಒಳಗಿದೆ. ವಾಪಸ್ ಕೇಳಲು ನನಗೆ ಮುಖವಿಲ್ಲ. ಒಲೆ ಇನ್ನೂ ಹೊತ್ತಿಲ್ಲ.